ಕಿಲೋಮೀಟರಿಗೆ ಏಳು ಪೈಸೆಯ ಚೈನ್

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ನಿಂತು 150 ಸಿಸಿ ಬೈಕಿಗೊಂದು ಚೈನ್ ಸೆಟ್ ಕೇಳಿದರೆ ಕೌಂಟರಿನ ಮೇಲೆ ಮೂರು ಪೆಟ್ಟಿಗೆ ಬಂದು ಕೂರುತ್ತವೆ. ಒಂದು 700 ರೂಪಾಯಿ ಆಸುಪಾಸಿನದು, ಇನ್ನೊಂದು 1,200ರದು, ಮತ್ತೊಂದು ಮೂರು ಸಾವಿರಕ್ಕೆ ಹತ್ತಿರದ್ದು. ಮೂರರ ಹೊಟ್ಟೆಯಲ್ಲೂ ಅವೇ ಸಾಮಾನು: ಒಂದು ಚೈನ್, ಮುಂದಿನ ಚಿಕ್ಕ ಸ್ಪ್ರಾಕೆಟ್, ಹಿಂದಿನ ದೊಡ್ಡ ಸ್ಪ್ರಾಕೆಟ್. ಈ ಅಂಕಣಕಾರ ಬೆಲೆ ವಿಚಾರಿಸುತ್ತಿದ್ದಾಗ ಪಕ್ಕದಲ್ಲಿದ್ದ ಡೆಲಿವರಿ ಹುಡುಗನೊಬ್ಬ ಎರಡನೆಯ ಮಾತಿಲ್ಲದೆ ಅಗ್ಗದ್ದನ್ನು ಎತ್ತಿಕೊಂಡ. ದಿನವಿಡೀ ಬೈಕ್ ಓಡಿಸಿ ದುಡಿಯುವವನಿಗೆ 500 ರೂಪಾಯಿ ಸಣ್ಣ ಮೊತ್ತವೇನಲ್ಲ. ಆದರೆ ಅದು ಉಳಿಯಿತೋ ಹೋಯಿತೋ ಎನ್ನುವುದನ್ನು ಓಡೋಮೀಟರ್ ಹೇಳಬೇಕು.

ಅಂಕಣಕಾರನಿಗೆ ಬೈಕಿನ ಖರ್ಚನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸ. ಅದರ ಪ್ರಕಾರ ಮಧ್ಯಮ ಬೆಲೆಯ ಸೆಟ್ ಸುಮಾರು 20,000 ಕಿ.ಮೀ. ಬಂದಿದೆ, ಅಗ್ಗದ್ದು 8,000ಕ್ಕೇ ಕಿರುಗುಟ್ಟಲು ಶುರುಮಾಡಿದೆ. ಎರಡಕ್ಕೂ ಮೆಕ್ಯಾನಿಕ್ ಕೂಲಿ 200 ರೂಪಾಯಿ ಸೇರಿಸಿ ಭಾಗಿಸಿದರೆ ಮಧ್ಯಮದ್ದು ಕಿಲೋಮೀಟರಿಗೆ 7 ಪೈಸೆ, ಅಗ್ಗದ್ದು 11 ಪೈಸೆ ಚಿಲ್ಲರೆ. ಹಾಗಾದರೆ ದುಬಾರಿಯದೇ ವಾಸಿಯೇ? ಅಲ್ಲೂ ಲೆಕ್ಕ ತಿರುಗುತ್ತದೆ. 2,800 ರೂಪಾಯಿ ಸೆಟ್ಟಿಗೆ ಕೂಲಿ ಸೇರಿಸಿ 3,000 ಎಂದಿಟ್ಟುಕೊಂಡರೆ, ಅದೂ 7 ಪೈಸೆಗೆ ಇಳಿಯಬೇಕಾದರೆ ಸುಮಾರು 43,000 ಕಿ.ಮೀ. ಓಡಬೇಕು. ಆಫೀಸು, ಮಾರ್ಕೆಟ್ಟು, ತಿಂಗಳಿಗೊಮ್ಮೆ ಊರು ಎಂದು ಓಡುವ ಬೈಕಿಗೆ ಅಷ್ಟು ದೂರ ತಲುಪಲು ಎಷ್ಟು ವರ್ಷ ಬೇಕೋ ಓದುಗರೇ ಅಂದಾಜು ಮಾಡಬಹುದು.

ಇದೆಲ್ಲಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಬದಲಿಸುವ ಕಾಲ ನಿಜಕ್ಕೂ ಬಂದಿದೆಯೇ?

ಚೈನ್ ‘ಎಳೆದುಕೊಂಡಿದೆ’ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಉಕ್ಕಿನ ಪಟ್ಟಿ ರಬ್ಬರಿನಂತೆ ಹಿಗ್ಗುವುದಿಲ್ಲ. ಕೊಂಡಿಯೊಳಗಿನ ಪಿನ್ನು ಮತ್ತು ಬುಷ್ಷು ಒಂದಕ್ಕೊಂದು ಉಜ್ಜಿ ಕೂದಲೆಳೆಯಷ್ಟು ಸವೆಯುತ್ತವೆ. ಹೀಗೆ ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಒಟ್ಟು ಸೇರಿದಾಗ ಚೈನ್ ಉದ್ದವಾಗುತ್ತದೆ. ಇದನ್ನು ಅಳೆಯಲು ದರ್ಜಿಯ ಟೇಪು ಬೇಡ, ಗಟ್ಟಿ ಉಕ್ಕಿನ ಸ್ಕೇಲು ಸಾಕು. ನಮ್ಮಲ್ಲಿ ಹೆಚ್ಚು ಓಡಾಡುವ 100ರಿಂದ 160 ಸಿಸಿವರೆಗಿನ ಬಹುತೇಕ ಬೈಕುಗಳ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುವಿನಿಂದ 21ನೆಯ ಪಿನ್ನಿನ ನಡುವಿನವರೆಗೆ ಅಳೆದರೆ ಹೊಸದರಲ್ಲಿ ಸರಿಯಾಗಿ 10 ಇಂಚು, 254 ಮಿ.ಮೀ. ಸಿಗುತ್ತದೆ. 259 ದಾಟಿದ್ದರೆ ಶೇ 2ರಷ್ಟು ಸವೆದಿದೆ, ಬದಲಿಸಲೇಬೇಕು. 255, 256ರಲ್ಲಿದ್ದರೆ ಚೈನ್ ಸ್ವಚ್ಛ ಮಾಡಿಸಿ, ಎಣ್ಣೆ ಹಾಕಿಸಿ, ಬಿಗಿ ಸರಿಮಾಡಿಸಿಕೊಂಡು ಮನೆಗೆ ಹೋಗಬಹುದು. ಸ್ಕೇಲು ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ತುತ್ತತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಅದು ಮೇಲೆದ್ದು ಅರ್ಧ ಹಲ್ಲು ಕಾಣಿಸಿತೆಂದರೆ ಅದರ ಆಯಸ್ಸು ಮುಗಿದಿದೆ.

“ಸಾರ್, ಚೈನ್ ಒಂದೇ ಹಾಕ್ಸಿ, ಸ್ಪ್ರಾಕೆಟ್ ಇನ್ನೂ ಓಡುತ್ತೆ” ಎಂಬ ಸಲಹೆ ಎಲ್ಲ ಊರಿನ ಗ್ಯಾರೇಜಿನಲ್ಲೂ ಸಿಗುತ್ತದೆ. ಕೇಳಲು ಹಿತವಾದ ಮಾತು, ಹಣದ ದೃಷ್ಟಿಯಿಂದ ದುಬಾರಿ ಮಾತು. ಹಳೆಯ ಚೈನಿನ ಜೊತೆ ಸವೆದ ಹಲ್ಲುಗಳು ಒಂದು ಬದಿಗೆ ಬಾಗಿ ಕೊಕ್ಕೆಯ ಆಕಾರಕ್ಕೆ ಬಂದಿರುತ್ತವೆ. ಹೊಸ ಚೈನಿನ ಅಂತರ ಅವುಗಳಿಗೆ ಕೂಡಿಬರುವುದಿಲ್ಲ. ಹೊರೆಯೆಲ್ಲ ಕೆಲವೇ ಹಲ್ಲುಗಳ ಮೇಲೆ ಬಿದ್ದು ಹೊಸ ಚೈನೂ ಬೇಗ ಹಾಳಾಗುತ್ತದೆ. ಮುಂದಿನದು 15 ಹಲ್ಲು, ಹಿಂದಿನದು 45 ಇದ್ದರೆ, ಹಿಂದಿನ ಒಂದು ಸುತ್ತಿಗೆ ಮುಂದಿನದು ಮೂರು ಸುತ್ತು ತಿರುಗಬೇಕು. ಹಾಗಾಗಿ ಮುಂದಿನದರ ಸವೆತ ಜೋರು. ಆದರೆ ಅದು ಕವರಿನೊಳಗೆ ಅಡಗಿ ಕುಳಿತಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರನ್ನೂ ಒಟ್ಟಿಗೆ ಬದಲಿಸಿ ಎನ್ನುವುದಕ್ಕೆ ಕಾರಣ ಇಷ್ಟೇ.

ಇನ್ನು ಅಳತೆ. ಚೈನಿನ ಪಕ್ಕದ ಪಟ್ಟಿಯ ಮೇಲೆ 428, 520, 525, 530 ಎಂಬ ಸಂಖ್ಯೆ ಒತ್ತಿರುತ್ತಾರೆ. ಮೊದಲ ಅಂಕಿ ಪಿನ್ನುಗಳ ಅಂತರವನ್ನು ಇಂಚಿನ ಎಂಟನೆಯ ಭಾಗಗಳಲ್ಲಿ ಹೇಳುತ್ತದೆ. 4 ಎಂದರೆ ಅರ್ಧ ಇಂಚು, ಸೈಕಲ್ ಚೈನಿನದೂ ಇದೇ. 5 ಎಂದರೆ 15.875 ಮಿ.ಮೀ. ಉಳಿದೆರಡು ಅಂಕಿ ಅಗಲಕ್ಕೆ ಸಂಬಂಧಿಸಿದ್ದು. ಕೊನೆಯಲ್ಲಿ ‘ಎಚ್’ ಇದ್ದರೆ ಪಟ್ಟಿ ದಪ್ಪದ್ದು. ಕೆಟಿಎಂ 390 ಡ್ಯೂಕ್‌ನಂಥ ಬೈಕುಗಳಿಗೆ ಬರುವುದು 520. ಈ ಸಂಖ್ಯೆ, ಕೊಂಡಿಗಳ ಲೆಕ್ಕ, ಎರಡೂ ಸ್ಪ್ರಾಕೆಟ್ಟಿನ ಹಲ್ಲಿನ ಲೆಕ್ಕ ಕೈಪಿಡಿಯಲ್ಲಿರುವಂತೆಯೇ ಇರಬೇಕು.

ಪೆಟ್ಟಿಗೆಯ ಮೇಲೆ ಬೈಕಿನ ಹೆಸರಿದೆಯಲ್ಲ ಎಂದು ನಂಬಿ ಕೂರುವಂತಿಲ್ಲ. ಅಂಕಣಕಾರನಿಗೆ ಒಮ್ಮೆ ಒಂದು ಅಂಗಡಿಯವರು ಕೊಟ್ಟ ಪೆಟ್ಟಿಗೆಯ ಮೇಲೆ ಆತನ ಬೈಕಿನ ಹೆಸರೇ ಇತ್ತು. ಒಳಗಿದ್ದದ್ದು ಅದೇ ಹೆಸರಿನ ಹಳೆಯ ಮಾಡೆಲಿನ ಸೆಟ್. ಮುಂದಿನ ಸ್ಪ್ರಾಕೆಟ್ಟಿನ ಮೈಮೇಲೆ ಒತ್ತಿದ್ದ ಅಂಕಿ ಕೈಪಿಡಿಗಿಂತ ಒಂದು ಕಡಿಮೆ ಇತ್ತು. ಒಂದೇ ಹಲ್ಲಿನ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. 15ರ ಬದಲು 14 ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಶೇ 7ರಷ್ಟು ಹೆಚ್ಚು ತಿರುಗುತ್ತದೆ. ನಿಮಿಷಕ್ಕೆ 5,000 ಸುತ್ತು ಸಾಕಾಗುತ್ತಿದ್ದಲ್ಲಿ ಸುಮಾರು 5,360 ಬೇಕಾಗುತ್ತದೆ. ಘಾಟಿ ಹತ್ತುವಾಗ ಎಳೆತ ಚೆನ್ನಾಗಿರುತ್ತದೆ ನಿಜ, ಹೆದ್ದಾರಿಯಲ್ಲಿ ಪೆಟ್ರೋಲಿಗೆ ಅದರ ಬೆಲೆ ತೆರಬೇಕು. ಗೇರ್‌ಬಾಕ್ಸ್ ಬಳಿಯ ಸೆನ್ಸರಿನಿಂದ ವೇಗ ಅಳೆಯುವ ಬೈಕುಗಳಲ್ಲಿ ಸ್ಪೀಡೋಮೀಟರೂ ತಪ್ಪು ತೋರಿಸುತ್ತದೆ. ಹಲ್ಲು ಹೆಚ್ಚು ಕಡಿಮೆ ಮಾಡಿ ‘ಮೈಲೇಜ್ ಬರಿಸಿ ಕೊಡ್ತೀವಿ’ ಎನ್ನುವವರ ಮಾತಿಗೆ ತಲೆದೂಗುವ ಮುನ್ನ ಈ ಲೆಕ್ಕ ನೆನಪಿರಲಿ.

ಮೂರು ಸಾವಿರದ ಪೆಟ್ಟಿಗೆಯಲ್ಲಿರುವುದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್. ಪಟ್ಟಿಗಳ ನಡುವೆ ಸಣ್ಣ ರಬ್ಬರ್ ಬಳೆಗಳಿದ್ದು, ಕಾರ್ಖಾನೆಯಲ್ಲಿ ತುಂಬಿದ ಗ್ರೀಸನ್ನು ಪಿನ್ನು ಮತ್ತು ಬುಷ್ಷಿನ ನಡುವೆಯೇ ಹಿಡಿದಿಡುತ್ತವೆ. ನೀರು, ದೂಳು ಒಳಗೆ ಹೋಗಲು ಬಿಡುವುದಿಲ್ಲ. ಹೆಚ್ಚು ಶಕ್ತಿಯ ಎಂಜಿನ್, ತೆರೆದ ಚೈನ್, ಮಲೆನಾಡಿನ ಮಳೆ ಅಥವಾ ಬಯಲುಸೀಮೆಯ ದೂಳು, ದಿನಕ್ಕೆ ನೂರಾರು ಕಿ.ಮೀ. ಓಟ ಇದ್ದವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲ. ಕಂಪನಿಯವರೇ ರಿಂಗ್ ಚೈನ್ ಹಾಕಿ ಕೊಟ್ಟ ಬೈಕಿಗೆ ಸಾದಾ ಚೈನ್ ಹಾಕಿಸುವುದಂತೂ ಕೂಡದು. ಆದರೆ ಸ್ಪ್ಲೆಂಡರಿನಂತೆ ಚೈನಿಗೆ ಪೂರ್ತಿ ಕವರ್ ಇರುವ ಬೈಕಿಗೆ ಆ ರಕ್ಷಣೆ ಬಹುಮಟ್ಟಿಗೆ ಕವರಿನಿಂದಲೇ ಸಿಗುತ್ತದೆ. ರಿಂಗ್ ಚೈನ್ ಕೊಂಡವರು ಅದನ್ನು ಪೆಟ್ರೋಲಿನಲ್ಲಿ ತೊಳೆಯಬಾರದು, ತಂತಿ ಬ್ರಷ್ಷಿನಿಂದ ಉಜ್ಜಲೂಬಾರದು. ರಬ್ಬರ್ ಹಾಳಾದರೆ ಒಳಗಿನ ಗ್ರೀಸ್ ಹೋಗುತ್ತದೆ, ಅದರೊಂದಿಗೆ ಹೆಚ್ಚುವರಿಯಾಗಿ ಕೊಟ್ಟ ದುಡ್ಡೂ ಹೋಗುತ್ತದೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆಯ ಬ್ರಷ್ ಸಾಕು.

ಬ್ರ್ಯಾಂಡುಗಳ ವಿಷಯದಲ್ಲಿ ಆಯ್ಕೆಗೆ ಬರವಿಲ್ಲ. ಕೊಯಮತ್ತೂರಿನ ಎಲ್‌ಜಿಬಿ ಕಂಪನಿಯ ರೋಲಾನ್, ಮುರುಗಪ್ಪ ಸಮೂಹದ ಡೈಮಂಡ್, ಜಪಾನಿನ ಡಿಐಡಿ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಬೈಕ್ ಕಂಪನಿಗಳ ಹೆಸರಿನ ಪೆಟ್ಟಿಗೆಯಲ್ಲಿ ಬರುವ ಚೈನಿನ ಪಟ್ಟಿಯನ್ನು ಒರೆಸಿ ನೋಡಿದರೆ ಎಷ್ಟೋ ಸಲ ಚೈನ್ ತಯಾರಕರ ಹೆಸರೇ ಕಾಣಿಸುತ್ತದೆ. ಪಟ್ಟಿಯ ಮೇಲೆ ಯಾವ ಹೆಸರೂ ಸಂಖ್ಯೆಯೂ ಇಲ್ಲದ ಚೈನನ್ನು ಕೈಯಲ್ಲೂ ಹಿಡಿಯಬೇಡಿ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಗ್ರಾಹಕರ ದೂರಿನ ಸಂಖ್ಯೆ, ಎಂಆರ್‌ಪಿ ಇರಬೇಕೆಂಬುದು ಕಾನೂನು. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ‘ಬಿಲ್ ಬೇಕಾದ್ರೆ ಟ್ಯಾಕ್ಸ್ ಬೇರೆ ಆಗುತ್ತೆ’ ಎಂದು ಎಂಆರ್‌ಪಿ ಮೇಲೆ ಸೇರಿಸಿ ಕೇಳಿದರೆ ಒಪ್ಪಿಕೊಳ್ಳುವ ಅಗತ್ಯವಿಲ್ಲ.

ಹಾಕಿಸುವಾಗ ಹತ್ತು ನಿಮಿಷ ಎದುರಿಗೆ ನಿಂತಿರುವುದು ಒಳ್ಳೆಯದು. ಕ್ಲಿಪ್ ಇರುವ ಚೈನ್ ಲಾಕ್ ಆದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಖ ಮಾಡಿರಬೇಕು. ತಿರುಗಿಸಿ ಹಾಕಿದರೆ ಓಟದಲ್ಲಿ ಕಳಚಿಕೊಳ್ಳುವ ಅಪಾಯವಿದೆ. ಹೇಗೂ ಹಿಂದಿನ ಚಕ್ರ ಬಿಚ್ಚಿರುತ್ತಾರೆ, ಡ್ರಮ್ಮಿನೊಳಗಿನ ರಬ್ಬರ್ ಸವೆದಿದ್ದರೆ ಆಗಲೇ ಬದಲಿಸಿದರೆ ಇನ್ನೊಂದು ಕೂಲಿ ಉಳಿಯುತ್ತದೆ. ಚೈನನ್ನು ತಂತಿಯಂತೆ ಬಿಗಿದು ಬಿಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದರಿಂದ ಗೇರ್‌ಬಾಕ್ಸಿನ ಬೇರಿಂಗಿಗೂ ಪೆಟ್ಟು. ಎಷ್ಟು ಸಡಿಲ ಬೇಕೆಂಬುದು ಕೈಪಿಡಿಯಲ್ಲಿ ಮಿಲಿಮೀಟರಿನಲ್ಲಿ ಬರೆದಿರುತ್ತದೆ.

ಆಮೇಲಿನ ಖರ್ಚು ಬಹಳ ಕಡಿಮೆ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ ಮೇಲೆ ತಪ್ಪದೆ, ಚೈನಿನ ಒಳಬದಿಗೆ 90 ನಂಬರಿನ ಗೇರ್ ಆಯಿಲ್ ಅಥವಾ ಚೈನ್ ಲ್ಯೂಬ್ ಹಾಕಿ ಹೆಚ್ಚಾದದ್ದನ್ನು ಒರೆಸಬೇಕು. ಅಂಕಣಕಾರನ ಸೆಟ್ 20,000 ಕಿ.ಮೀ. ಬಂದದ್ದರಲ್ಲಿ ಬ್ರ್ಯಾಂಡಿನಷ್ಟೇ ಪಾಲು ಈ ಎಣ್ಣೆಯದು.

ಕೊನೆಗೆ ತೀರ್ಪು. ಚೈನ್ ಕವರ್ ಇರುವ, ಮನೆ-ಆಫೀಸು ಓಡಾಟದ 100ರಿಂದ 150 ಸಿಸಿ ಬೈಕಿಗೆ ಹೆಸರಾಂತ ತಯಾರಕರ ಮಧ್ಯಮ ಬೆಲೆಯ ಸಾದಾ ಸೆಟ್ ಕೊಳ್ಳಿ. ದೊಡ್ಡ ಎಂಜಿನ್ನಿನ, ತೆರೆದ ಚೈನಿನ ಬೈಕಿಗೆ ರಿಂಗ್ ಚೈನನ್ನೇ ಹಾಕಿಸಿ. ಹೆಸರಿಲ್ಲದ ಅಗ್ಗದ ಪೆಟ್ಟಿಗೆ ಇವೆರಡಕ್ಕೂ ಬೇಡ. ಬಿಲ್ ಪಡೆದು ಅದರ ಹಿಂದೆ ಅಂದಿನ ಓಡೋಮೀಟರ್ ಅಂಕಿ ಬರೆದಿಡಿ, ಮುಂದಿನ ಸಲ ಯಾವ ಪೆಟ್ಟಿಗೆ ಎತ್ತಬೇಕೆಂದು ಅಂಗಡಿಯವರನ್ನು ಕೇಳಬೇಕಾಗುವುದಿಲ್ಲ.