ಶಸ್ತ್ರಚಿಕಿತ್ಸೆಯ ನಂತರದ ಕಿಮೋಥೆರಪಿ: ವಾರಗಳ ಲೆಕ್ಕ ತಪ್ಪದಿರಲಿ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಕ್ಯಾನ್ಸರ್ ಗಡ್ಡೆಯನ್ನು ತೆಗೆದು, ಹೊಲಿಗೆ ಬಿಚ್ಚಿ, ರೋಗಿಯು ಊರಿಗೆ ಮರಳಿದೊಡನೆ ಕಾಯಿಲೆ ಮುಗಿಯಿತೆಂದು ಮನೆಯವರು ಭಾವಿಸುವುದು ಸಹಜ. ಆದರೆ ಸ್ಕ್ಯಾನ್‌ನಲ್ಲಿಯೂ ಕಾಣದಷ್ಟು ಸೂಕ್ಷ್ಮವಾದ ಕ್ಯಾನ್ಸರ್ ಕೋಶಗಳು ದೇಹದಲ್ಲಿ ಉಳಿದಿರಬಹುದು. ಅವುಗಳನ್ನು ನಾಶಪಡಿಸಲು ಶಸ್ತ್ರಚಿಕಿತ್ಸೆಯ ನಂತರ ಕಿಮೋಥೆರಪಿ ನೀಡಲಾಗುತ್ತದೆ. ಇದು ಎಲ್ಲ ರೋಗಿಗಳಿಗೂ ಬೇಕಾಗುವುದಿಲ್ಲ. ಬೇಕೆಂದು ವೈದ್ಯರು ನಿರ್ಧರಿಸಿದವರಿಗೆ ಸಕಾಲದಲ್ಲಿ ಆರಂಭವಾಗಬೇಕು.

ಸಕಾಲವೆಂದರೆ ಯಾವುದು?

ಗಾಯ ಮಾಯುವ ಮೊದಲೇ ಔಷಧ ಕೊಟ್ಟರೆ ಬಿಳಿ ರಕ್ತಕಣಗಳು ಕುಗ್ಗಿ ಸೋಂಕು ತಗಲುವ ಅಪಾಯವಿದೆ. ತೀರ ತಡವಾದರೆ ಉಳಿದ ಕೋಶಗಳು ಬೆಳೆದು ಔಷಧದ ಪ್ರಯೋಜನ ಕುಂದುತ್ತದೆ. ಆದುದರಿಂದ ಸ್ತನ ಮತ್ತು ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ 4ರಿಂದ 6 ವಾರಗಳೊಳಗೆ ಕಿಮೋಥೆರಪಿ ಆರಂಭಿಸುತ್ತಾರೆ. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ 8 ವಾರ, ಸ್ತನ ಕ್ಯಾನ್ಸರ್‌ನಲ್ಲಿ 90 ದಿನ ಮೀರಿದರೆ ಬದುಕುಳಿಯುವ ಸಾಧ್ಯತೆ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ತಂಬಾಕು ಜಗಿಯುವವರನ್ನು ಹೆಚ್ಚಾಗಿ ಕಾಡುವ ಬಾಯಿ ಕ್ಯಾನ್ಸರ್‌ನಲ್ಲಿ, ಅಗತ್ಯವಿದ್ದವರಿಗೆ ವಿಕಿರಣ ಚಿಕಿತ್ಸೆಯನ್ನೂ, ಕೆಲವರಿಗೆ ಅದರೊಂದಿಗೆ ಕಿಮೋಥೆರಪಿಯನ್ನೂ ಕೊಡುತ್ತಾರೆ. ಅದು 6 ವಾರಗಳೊಳಗೆ ಆರಂಭವಾಗುವುದು ಉತ್ತಮ.

ವಿಳಂಬ ಎಲ್ಲಿ ಆಗುತ್ತದೆ?

ತೆಗೆದ ಗಡ್ಡೆಯ ಪರೀಕ್ಷಾ ವರದಿಯಿಲ್ಲದೆ ಮುಂದಿನ ಚಿಕಿತ್ಸೆ ನಿರ್ಧಾರವಾಗದು. ಶಸ್ತ್ರಚಿಕಿತ್ಸೆ ಮಿರಜ ಅಥವಾ ಕೊಲ್ಹಾಪುರದಲ್ಲಿ, ಮುಂದಿನ ಚಿಕಿತ್ಸೆ ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಎಂದಾದಾಗ ವರದಿ ಮೊದಲ ಆಸ್ಪತ್ರೆಯಲ್ಲಿಯೇ ಉಳಿಯಬಹುದು. ಕಬ್ಬಿನ ಕಟಾವು, ಹಣದ ಅಡಚಣೆ, ಔಷಧದ ಭಯ ಇವುಗಳಿಂದಲೂ ದಿನಗಳು ಕಳೆಯುತ್ತವೆ. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ ಉಕ್ಕಿ ಕಲ್ಲೋಳ–ಯಡೂರ, ಕುಡಚಿ–ಉಗಾರದಂಥ ಸೇತುವೆಗಳು ಮುಳುಗಿದಾಗ ದಾರಿಯೇ ಇಲ್ಲವಾಗುತ್ತದೆ.

ಸಿಬ್ಬಂದಿ ಗಮನಿಸಬೇಕಾದ ಅಂಶಗಳು

1. ಶಸ್ತ್ರಚಿಕಿತ್ಸೆಯ ದಿನಾಂಕವನ್ನು ದಿನಚರಿಯಲ್ಲಿ ಬರೆದು, ಅಂದಿನಿಂದ ವಾರಗಳನ್ನು ಎಣಿಸುವುದು.
2. ಎರಡನೆಯ ವಾರದಲ್ಲಿಯೇ ವರದಿಯ ಬಗ್ಗೆ ವಿಚಾರಿಸಿ, ಅದು ಕುಟುಂಬದ ಕೈಸೇರಿ ನಾಲ್ಕನೆಯ ವಾರದೊಳಗೆ ಕ್ಯಾನ್ಸರ್ ತಜ್ಞರ ಭೇಟಿ ಆಗುವಂತೆ ನೋಡಿಕೊಳ್ಳುವುದು.
3. ಗಾಯದಲ್ಲಿ ಕೀವು, ಬಾವು ಅಥವಾ ಜ್ವರ ಕಂಡರೆ ಅಂದೇ ವೈದ್ಯರಿಗೆ ತೋರಿಸುವುದು. ಗಾಯ ಕೆಟ್ಟರೆ ಕಿಮೋಥೆರಪಿಯೂ ಮುಂದಕ್ಕೆ ಹೋಗುತ್ತದೆ.
4. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮುಂಚಿತವಾಗಿ ಸಿದ್ಧಪಡಿಸಿಸುವುದು.
5. ಜುಲೈ–ಆಗಸ್ಟ್‌ನಲ್ಲಿ ಕಿಮೋಥೆರಪಿ ದಿನಾಂಕವಿದ್ದರೆ, ನೀರು ಏರುವ ಮೊದಲೇ ರೋಗಿಯು ಆಸ್ಪತ್ರೆಯ ಊರಿನಲ್ಲಿ ತಂಗುವ ಏರ್ಪಾಡಿನ ಕುರಿತು ಕುಟುಂಬದೊಂದಿಗೆ ಮಾತನಾಡುವುದು.

ಕಿಮೋಥೆರಪಿ ಆರಂಭವಾದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಅದು ತುರ್ತು ಸ್ಥಿತಿ. ಮನೆಯಲ್ಲಿ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೇಳಿದ ಅವಧಿ ಮೀರಿತೆಂದು ಚಿಕಿತ್ಸೆಯ ಆಸೆ ಬಿಡತಕ್ಕದ್ದಲ್ಲ. ತಡವಾದವರಿಗೂ ಪ್ರಯೋಜನ ಉಳಿದಿರಬಹುದು. ಅದನ್ನು ನಿರ್ಧರಿಸುವವರು ತಜ್ಞ ವೈದ್ಯರು.

ಗ್ರಾಮ ಆರೋಗ್ಯ ಸಮಿತಿಯ ಸಭೆಯಲ್ಲಿ ಚರ್ಚಿಸಲು

ಅ) ಗ್ರಾಮದಲ್ಲಿ ಕಳೆದ 3 ತಿಂಗಳಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಿಗೆ ಇದು ಎಷ್ಟನೆಯ ವಾರ? (ರೋಗಿಯ ಹೆಸರು ಸಭೆಯಲ್ಲಿ ಬೇಡ.)
ಆ) ಅವರ ಪರೀಕ್ಷಾ ವರದಿ ಕೈಸೇರಿದೆಯೇ?
ಇ) ಮುಂದಿನ ಭೇಟಿಗೆ ಜೊತೆಯಲ್ಲಿ ಹೋಗುವವರು ಯಾರು?