ತಿದಿ ಎಳೆಯುವ ಮೊಮ್ಮಗಳಿಗೆ

ವಿಲ್ಲಿಂಗ್ಡನ್ ಐಲ್ಯಾಂಡ್, ಕೊಚ್ಚಿ

ಚಿ. ಪುಟ್ಟಿಗೆ,

ಮಳೆ ಬಿಡದ್ದರಿಂದ ಅಜ್ಜಿಯ ಹಪ್ಪಳ ಒಣಗಿಲ್ಲ ಎಂಬುದೇ ಇಲ್ಲಿನ ದೊಡ್ಡ ಸುದ್ದಿ. ನೀನು ಹ್ಯಾಂಬರ್ಗ್‌ನಿಂದ ಕಳಿಸಿದ ತಾಲೀಮಿನ ರೆಕಾರ್ಡಿಂಗ್ ಕೇಳಿದೆ. ಜೊತೆಗಿದ್ದ ದೂರನ್ನೂ ಓದಿದೆ: ಸೋಫಿಯಾ ಗುಬೈದುಲಿನಾ ಅವರ 'ಸಿಲೆನ್ಜಿಯೊ'ದಲ್ಲಿ ವಯಲಿನ್, ಚೆಲ್ಲೊದವರೇ ಮೆರೆಯುತ್ತಾರೆ, ಅಕಾರ್ಡಿಯನ್ ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ ಅಂತ.

ಅಲ್ಲ ಮಗಳೇ, 1991ರಲ್ಲಿ ಆಕೆ ಈ ಐದು ತುಣುಕುಗಳನ್ನು ಬರೆದದ್ದೇ ಬಹುಪಾಲು ಪಿಸುದನಿಯಲ್ಲಿ ನುಡಿಸಲೆಂದು. ಕೂಗಬೇಕಿದ್ದರೆ ಬೇರೆ ಕೃತಿ ಆರಿಸಿಕೊಳ್ಳಬಹುದಿತ್ತಲ್ಲ?

ನನ್ನ ಕಿವಿ ಮಟ್ಟಾಂಚೇರಿಯ ಮೆಹಫಿಲ್‌ಗಳಲ್ಲಿ, ಉಂಬಾಯಿಯವರ ಗಜಲ್‌ಗಳಲ್ಲಿ ಪಳಗಿದ್ದು. ಹಾಗಾಗಿ ನಿನ್ನ ವಾದ್ಯವನ್ನು ಹಾರ್ಮೋನಿಯಂನ ದಾಯಾದಿಯಾಗಿಯೇ ನೋಡುತ್ತೇನೆ. ಎರಡರಲ್ಲೂ ನುಡಿಯುವುದು ಗಾಳಿಗೆ ಅದುರುವ ಲೋಹದ ರೀಡು. ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್‌ಗೆ ಪೇಟೆಂಟ್ ಪಡೆದದ್ದು 1829ರಲ್ಲಿ. ಪ್ಯಾರಿಸ್ಸಿನ ಡೆಬೆಯ್ನ್ ಹಾರ್ಮೋನಿಯಂಗೆ ಪಡೆದದ್ದು 1842ರಲ್ಲಿ. ಆದರೆ ನಮ್ಮ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಇನ್ನೊಂದು ತಿದಿ ಇರುತ್ತದೆ. ಅದು ಗಾಳಿಯನ್ನು ಕೂಡಿಟ್ಟುಕೊಂಡು ಸಮವಾಗಿ ಬಿಡುತ್ತದೆ. ಕೈ ಸ್ವಲ್ಪ ತಪ್ಪಿದರೂ ಸ್ವರದ ಮಾನ ಉಳಿಯುತ್ತದೆ. ನಿನಗೆ ಆ ಆಸರೆ ಇಲ್ಲ. ತೋಳು ನಡುಗಿದರೆ ಸ್ವರವೂ ನಡುಗುತ್ತದೆ. ಅತಿ ಮೆಲ್ಲಗೆ ನುಡಿಸುವಾಗಲಂತೂ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿದಾಗ ಮುಖ್ಯ ತಕರಾರು ಏನಿತ್ತು ಗೊತ್ತೇ? ಅದಕ್ಕೆ ಗಮಕ, ಮೀಂಡ್ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲು ಗೊತ್ತಿಲ್ಲ ಎಂಬುದು. ಗುಬೈದುಲಿನಾ 1978ರಲ್ಲಿ ಫ್ರೀಡ್ರಿಖ್ ಲಿಪ್ಸ್ ಅವರಿಗಾಗಿ ಬರೆದ 'ಡೆ ಪ್ರೊಫುಂಡಿಸ್' ಕೇಳಿದಾಗ ನನಗೆ ನಗು ಬಂತು. ರೀಡಿನ ವಾದ್ಯ ಅಲ್ಲಿ ಜಾರುತ್ತದೆ, ನರಳುತ್ತದೆ. ಸ್ವರವೇ ಇಲ್ಲದೆ ಬರೀ ಗಾಳಿ ಒಳಹೊರಗೆ ಹೋಗುವ ಸದ್ದೂ ಸಂಗೀತವಾಗುತ್ತದೆ. ಬಯಾನ್, ಅಂದರೆ ರಷ್ಯದ ಗುಂಡಿ ಅಕಾರ್ಡಿಯನ್, ತನಗೆ ಇಷ್ಟವಾದದ್ದು ಅದು ಉಸಿರಾಡುತ್ತದೆ ಎಂಬ ಕಾರಣಕ್ಕೆ ಎಂದು ಆಕೆ ಹೇಳುತ್ತಿದ್ದರು.

ಆ ಹೆಂಗಸಿನ ಗಟ್ಟಿತನ ನೋಡು. ತಾತಾರ್ ತಂದೆ, ರಷ್ಯನ್ ತಾಯಿ. 1979ರಲ್ಲಿ ಸೋವಿಯತ್ ಸಂಗೀತ ರಚನಕಾರರ ಸಂಘದ ಸಮಾವೇಶದಲ್ಲಿ ಆಕೆಯನ್ನು ಹೆಸರು ಹಿಡಿದು ಹಳಿದರು. 1982ರಲ್ಲಿ ಚೆಲ್ಲೊ, ಬಯಾನ್ ಮತ್ತು ತಂತಿವಾದ್ಯಗಳಿಗೆ ಯೇಸುವಿನ ಏಳು ಮಾತುಗಳ ಮೇಲೆ ಕೃತಿ ರಚಿಸಿದರೆ, ಸೋವಿಯತ್ ನಾಡಿನಲ್ಲಿ ಅದು ಬರೀ 'ಪಾರ್ಟಿಟಾ' ಎಂಬ ಹೆಸರಿನಲ್ಲಿ ಅಚ್ಚಾಗಬೇಕಾಯಿತು. ಕೊನೆಗೆ ಬಂದು ನೆಲೆಸಿದ್ದು ನಿನ್ನ ಹ್ಯಾಂಬರ್ಗ್ ಪಕ್ಕದ ಆಪೆನ್ ಎಂಬ ಹಳ್ಳಿಯಲ್ಲಿ. 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಒಂದು ಭಾನುವಾರ ಆ ಊರಿಗೆ ಹೋಗಿ ಬಾ.

ಈಗ ನಿನ್ನ ದೂರಿಗೆ ಬರುತ್ತೇನೆ. ನಾನು ಬಂದರಿನಲ್ಲಿ ಗುಮಾಸ್ತಿಕೆ ಮಾಡಿದವನು, ಅಲ್ಲಿನ ಮಾತೇ ಬಾಯಿಗೆ ಬರುತ್ತದೆ. ನಾವಿರುವ ಈ ದ್ವೀಪ ಬಂದರಿನ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಿನ್ನೀರಿನ ತಳದಿಂದ ಎತ್ತಿಸಿದ ಹೂಳಿನಿಂದ ಆದದ್ದು. 1928ರ ಮೇ 26ರಂದು 'ಪದ್ಮಾ' ಹಡಗು ಒಳಬಂದರಿಗೆ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ದಾರಿ ತೋಡಿದ ಡ್ರೆಡ್ಜರ್‌ಗಳನ್ನು ಯಾರೂ ನೆನೆಯುವುದಿಲ್ಲ. ಇವತ್ತಿಗೂ ಹೂಳೆತ್ತುವುದನ್ನು ನಿಲ್ಲಿಸಿದರೆ ದೊಡ್ಡ ಹಡಗು ಒಳಗೆ ಬರಲಾರದು. ನಿನ್ನ ತಿದಿಯ ಕೆಲಸವೂ ಅದೇ ಜಾತಿಯದು. ರೆಕಾರ್ಡಿಂಗ್‌ನಲ್ಲಿ ನೀನು ಬೇಸತ್ತು ಸ್ವರವನ್ನು ಬೇಗ ಬಿಟ್ಟಲ್ಲೆಲ್ಲ ವಯಲಿನ್ ಹುಡುಗ ತಡವರಿಸಿದ್ದಾನೆ, ಗಮನಿಸು.

ಇನ್ನೊಂದು ಮಾತು. ಕೃತಿಯ ಒಡಲಲ್ಲಿ 7-2-5 ಎಂಬ ಲಯದ ಲೆಕ್ಕ ಅಡಗಿದೆಯಲ್ಲ, ಅದನ್ನು ಕಾಗದದ ಮೇಲೆ ಎಣಿಸಬೇಡ. ಚಿಕ್ಕವಳಿದ್ದಾಗ ಕಲಿತ ಹಾಗೆ ತೊಡೆಯ ಮೇಲೆ ತಾಳ ಹಾಕು. ಮಿಶ್ರದ ಏಳು, ಖಂಡದ ಐದು ನಿನ್ನ ಕೈಗೆ ಹೊಸದೇನಲ್ಲ; ಐದಕ್ಕೆ ಎರಡು ಕೂಡಿದರೆ ಏಳಾಗುವ ಸೊಗಸೂ ಅಲ್ಲೇ ಇದೆ. ಕೊನೆಯ ತುಣುಕಿನಲ್ಲಿ ಆ ಗುಟ್ಟು ಬಯಲಾಗುವುದು ಯಾರ ಪಾಲಿನಲ್ಲಿ? ವಯಲಿನ್‌ನಲ್ಲಲ್ಲ, ಚೆಲ್ಲೊದಲ್ಲಲ್ಲ, ನಿನ್ನದರಲ್ಲಿ!

ಕಛೇರಿ ಮುಗಿದ ಮೇಲೆ ಆ ಇಬ್ಬರನ್ನೂ ಕರೆದುಕೊಂಡು ಊರಿಗೆ ಬಾ. ಮಳೆಗಾಲ ಬೇಡ, ವಾದ್ಯಕ್ಕೆ ತೇವ ಆಗದು. ಡಿಸೆಂಬರ್ ಆದರೆ ಒಳ್ಳೆಯದು.

ಇಂತಿ ನಿನ್ನ,
ಅಜ್ಜ