ರಸಪರಿತ್ಯಾಗವೂ ನಾಲಗೆಯ ನರಗಳೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಬ್ಬಿನ ಸೀಮೆಯಲ್ಲಿ ಬೆಲ್ಲವನ್ನು ತ್ಯಜಿಸಿದ ಶ್ರಾವಕನಿಗೆ ಆಲೆಮನೆಯ ಮುಂದೆ ಹಾದುಹೋಗುವಾಗ ಬಾಯಲ್ಲಿ ನೀರೂರುವುದುಂಟು. ಇದರಿಂದ ವ್ರತಭಂಗವಾಯಿತೇ ಎಂದು ಅಳುಕುವವರಿದ್ದಾರೆ.

ಕುದಿಯುವ ಕಬ್ಬಿನ ಹಾಲಿನ ಪರಿಮಳವು ಮೂಗಿನ ಮೇಲ್ಭಾಗದ ಘ್ರಾಣನರಗಳನ್ನು ಸೋಂಕಿದೊಡನೆ ಸುದ್ದಿಯು ಮೆದುಳಿಗೆ ಮುಟ್ಟುತ್ತದೆ. ಅಲ್ಲಿಂದ 7 ಮತ್ತು 9ನೆಯ ಕಪಾಲನರಗಳ ಮೂಲಕ ಲಾಲಾಗ್ರಂಥಿಗಳಿಗೆ ಅಪ್ಪಣೆ ಹೋಗುತ್ತದೆ. ಅದು ಇಚ್ಛೆಯನ್ನು ಕೇಳಿ ಹೊರಡುವ ಅಪ್ಪಣೆಯಲ್ಲ. ರುಚಿಯ ದಾರಿಯೇ ಬೇರೆ. ಬೆಲ್ಲವು ಲಾಲಾರಸದಲ್ಲಿ ಕರಗಿ ನಾಲಗೆಯ ರುಚಿಮೊಗ್ಗುಗಳನ್ನು ಮುಟ್ಟಿದಲ್ಲದೆ ಸಿಹಿಯೆಂಬ ಅರಿವಿಲ್ಲ. ತತ್ತ್ವಾರ್ಥಸೂತ್ರದಲ್ಲಿ ವ್ಯಂಜನಾವಗ್ರಹವಿಲ್ಲವೆಂದಿರುವುದು ಕಣ್ಣಿಗೂ ಮನಸ್ಸಿಗೂ ಮಾತ್ರ. ರಸನೆಯು ಮುಟ್ಟಿಯೇ ಅರಿಯತಕ್ಕದ್ದು. (ಕಣ್ಣಿನ ವಿಷಯದಲ್ಲಿ ಇಂದಿನ ಶಾರೀರಶಾಸ್ತ್ರದ ಮಾತು ಬೇರೆ.)

ಆದುದರಿಂದ ನೀರೂರಿದ ಮಾತ್ರಕ್ಕೆ ರಸಸೇವನೆಯಾಗಲಿಲ್ಲ. ಆದರೆ ಭಾವೇಂದ್ರಿಯದ ಉಪಯೋಗವು ಆ ಪರಿಮಳದ ಬೆನ್ನುಹತ್ತಿ ಹೆಜ್ಜೆ ನಿಧಾನವಾದರೆ, ಅದನ್ನು ನರದ ಮೇಲೆ ಹೊರಿಸುವಂತಿಲ್ಲ.